ಕಿವಿಯ ಪಕ್ಕದ ಮೂರು ಗೆರೆ

ಮಗಳ ಶಾಲೆಯಲ್ಲಿ ವೇಷದ ಸ್ಪರ್ಧೆ. ಸೂಪರ್‌ಹೀರೊನೇ ಆಗಬೇಕೆಂದು ಅವಳ ಹಟ. ಬೆನ್ನಿಗೆ ಕಟ್ಟಲು ಏನಾದರೂ ಸಿಕ್ಕೀತೆಂದು ಕೀಳ್ ಕೋತಗಿರಿಯ ತವರುಮನೆಯ ಅಟ್ಟ ತಡಕಾಡಿದೆ. ನೀಲಿ ಪ್ಲಾಸ್ಟಿಕ್ ಹಾಳೆಯೊಂದು ಸಿಕ್ಕಿತು. ಟೀ ಎಲೆ ಕೀಳುವವರು ಬಟ್ಟೆ ನೆನೆಯದಂತೆ ಸೊಂಟಕ್ಕೆ ಸುತ್ತಿಕೊಳ್ಳುವಂಥದ್ದು. ಬಿಚ್ಚಿದೆ. ಒಣಗಿದ ಎಲೆರಸ, ಮುಗ್ಗಲು, ಸ್ವಲ್ಪ ಬೀಡಿ... ಪಕ್ಕದ ಮನೆಯ ಮಾವನ ವಾಸನೆ. ಅವರ ಮನೆ ಖಾಲಿ ಮಾಡುವಾಗ ಅಮ್ಮ ಕೇಳಿ ತಂದಿಟ್ಟಿದ್ದಳಂತೆ. ಅಟ್ಟದ ಮೇಲೇ ಕೂತುಬಿಟ್ಟೆ.

ಮಾವನಿಗೆ ಕಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನ ಜ್ವರದಲ್ಲಿ ಹೋದದ್ದು, ಮಾತೂ ಬೆಳೆಯಲಿಲ್ಲ. ಹಟ್ಟಿಯವರು ಅವರನ್ನು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಮಕ್ಕಳಾದ ನಮಗೆ ಅವರನ್ನು ಕರೆಯುವ ಬೇರೆ ದಾರಿ ಗೊತ್ತಿತ್ತು. ಒಂದು ಸಣ್ಣ ಮಣ್ಣಿನ ಹೆಂಟೆಯನ್ನು ಅವರ ಕಣ್ಣೆದುರು ಬೀಳುವ ಹಾಗೆ ಎಸೆಯುವುದು. ಮೈಗೆ ತಾಗಬಾರದು, ಹಿಂದೆ ಬೀಳಬಾರದು. ಹೆಂಟೆ ಬಿತ್ತೋ, ಎಂಥ ಕೆಲಸವಿದ್ದರೂ ತಿರುಗಿ ಹುಬ್ಬು ಹಾರಿಸುತ್ತಿದ್ದರು. ಅದನ್ನು ನಮಗೆ ಕಲಿಸಿದ್ದು ಅವರೇ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಟಿವಿಯಲ್ಲಿ ಹಾರುವ ವೀರನ ಕಾರ್ಟೂನ್ ಬರುತ್ತಿತ್ತು. ಮಾವ ನಮಗಿಂತ ಮೊದಲೇ ಹಾಜರು. ಅವರಿಗೆ ಮಾತಿನ ಹಂಗೇ ಇರಲಿಲ್ಲ. ಕಾರ್ಟೂನಿನಲ್ಲಿ ಸಿಟ್ಟು ಬಂದರೆ ಹುಬ್ಬು ಮೂಗಿನವರೆಗೆ ಇಳಿಯುತ್ತದೆ, ಹೆದರಿದರೆ ಕಣ್ಣುಗುಡ್ಡೆ ಸಾಸಿವೆಯಷ್ಟಾಗುತ್ತದೆ. ದೂರದಲ್ಲಿ ಯಾರಾದರೂ ಕಾಪಾಡಿ ಎಂದು ಕೂಗಿದರೆ ವೀರನ ಕಿವಿಯ ಪಕ್ಕ ಮೂರು ಗೆರೆ ಮೂಡುತ್ತಿತ್ತು. ಗೆರೆ ಕಂಡ ಕೂಡಲೇ ಮಾವ ತೊಡೆ ತಟ್ಟಿ ನಮ್ಮನ್ನೆಲ್ಲ ನೋಡುವರು, ತಮಗೂ ಕೇಳಿಸಿತು ಎನ್ನುವ ಹಾಗೆ. ಮುಗಿದ ಮೇಲೆ ಈ ನೀಲಿ ಹಾಳೆಯನ್ನು ಕೊರಳಿಗೆ ಕಟ್ಟಿಕೊಂಡು ಇಡೀ ಕಥೆಯನ್ನು ಅಂಗಳದಲ್ಲಿ ಆಡಿ ತೋರಿಸುವರು. ಟಿವಿ ಇಲ್ಲದ ಮನೆಯ ಮಕ್ಕಳು ಅದಕ್ಕಾಗಿಯೇ ಕಾದು ನಿಂತಿರುತ್ತಿದ್ದರು.

ಆಮೇಲೆ ಅದೇ ವೀರನ ಸಿನಿಮಾ ಬಂತು, ಹಟ್ಟಿಯವರ ಬಾಯಲ್ಲಿ 'ಪಡ'. ನಟ ಇದ್ದ, ಕಾರು ಕಟ್ಟಡ ಎಲ್ಲ ಇದ್ದವು. ಹಟ್ಟಿಯ ಹುಡುಗರು ಸಮುದಾಯ ಭವನದಲ್ಲಿ ಬಿಳಿ ಪರದೆ ಕಟ್ಟಿ ತೋರಿಸಿದರು. ಮಾವ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದು ನನ್ನ ಪಕ್ಕ ಕೂತರು. ನಟನದು ಕಲ್ಲುಮುಖ. ತುಟಿ ಇಂಗ್ಲಿಷ್ ಆಡುತ್ತಿತ್ತು, ಮಾತು ತಮಿಳಿನಲ್ಲಿ ಬರುತ್ತಿತ್ತು. ನಮ್ಮ ತುಟಿ ನೋಡಿ ಒಂದೆರಡು ಮಾತಾದರೂ ಹಿಡಿಯುತ್ತಿದ್ದ ಮಾವನಿಗೆ ಇಲ್ಲಿ ಅದೂ ದಕ್ಕಲಿಲ್ಲ. ಒಮ್ಮೆ ವೀರ ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗಿದ. ಮಾವ ನನ್ನ ತೋಳು ಜಗ್ಗಿ, ತಮ್ಮ ಕಿವಿಯ ಪಕ್ಕ ಮೂರು ಬೆರಳು ಹಿಡಿದು ಕೇಳಿದರು. ಗೆರೆ ಎಲ್ಲಿ? ಇವನಿಗೆ ಹೇಗೆ ಗೊತ್ತಾಯಿತು?

ನಾನು ಕೈಯೆತ್ತಿ ಸನ್ನೆಯಲ್ಲಿ ಹೇಳತೊಡಗಿದೆ. ನನ್ನ ಕೈಯ ನೆರಳು ಪರದೆಯ ಮೇಲೆ ಬಿತ್ತು.

"ಏ ಕೂಸು, ಕೈ ಇಳಿಸು! ಅವನಿಗೆ ಪಡ ಏನ ತಿಳೀತದೆ?" ಎಂದು ಹಿಂದಿನಿಂದ ಯಾರೋ ಕಿರುಚಿದರು.

ಭವನವೆಲ್ಲ ನಕ್ಕಿತು. ಮಾವನಿಗೆ ನಗು ಕೇಳಿಸಲಿಲ್ಲ, ಕಾಣಿಸಿತು. ಅರ್ಧಕ್ಕೇ ಎದ್ದು ಹೋದರು.

ಮರುದಿನ ಅಂಗಳದಲ್ಲಿ ಸಿಕ್ಕಾಗ ಅಂಗೈಯನ್ನು ಹಣೆಯಿಂದ ಗಲ್ಲದವರೆಗೆ ಸವರಿ ಮುಖವನ್ನು ಹಲಗೆ ಮಾಡಿಕೊಂಡು ಆ ನಟನನ್ನು ಅಣಕಿಸಿದರು. ನಮ್ಮ ಎಸ್ಟೇಟ್ ಸೂಪರ್‌ವೈಸರ್ ಥೇಟ್ ಹಾಗೇ ಇದ್ದ. ಬಿದ್ದು ಬಿದ್ದು ನಕ್ಕೆ. ಆದರೆ ಮಾವ ನಗಲಿಲ್ಲ. ಕಾರ್ಟೂನಿನವನು ತನಗಾದದ್ದನ್ನು ಎಲ್ಲರಿಗೂ ತೋರಿಸುತ್ತಾನೆ, ಇವನು ಕಿವಿ ಇದ್ದವರಿಗೆ ಮಾತ್ರ. ಅವರ ಕೈ ಹೇಳಿದ್ದು ಇಷ್ಟು. ಹಟ್ಟಿಯವರೋ, ಸಿನಿಮಾ ನಿಜ, ಕಾರ್ಟೂನ್ ಮಕ್ಕಳಾಟ ಎಂದು ತೀರ್ಮಾನಿಸಿಬಿಟ್ಟಿದ್ದರು. ನಿಜವಂತೆ! ಹಾರುವ ಮನುಷ್ಯನನ್ನು ನಂಬುವವರಿಗೆ ಮೂರು ಗೆರೆ ಹೆಚ್ಚಾಯಿತು. ದೊಡ್ಡವರು ಗೇಲಿ ಮಾಡುತ್ತಾರೆಂದು ಮಕ್ಕಳೂ ಒಬ್ಬೊಬ್ಬರೇ ಅಂಗಳಕ್ಕೆ ಬರುವುದನ್ನು ಬಿಟ್ಟರು. ಮಾವ ಕೆಲವು ಭಾನುವಾರ ಹಾಳೆ ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತಿದ್ದು, ಎದ್ದು ಹೋಗುತ್ತಿದ್ದರು...

ನಾನು ಕೊಯಮತ್ತೂರಿನಲ್ಲಿ ಓದುತ್ತಿದ್ದಾಗ ಅಮ್ಮನ ಫೋನ್ ಬಂತು. ಮಂಜು ಕವಿದ ಬೆಳಿಗ್ಗೆ ಮಾವ ಎಲೆ ಕೀಳುತ್ತಿದ್ದಾಗ ಹಿಂದಿನ ಕಾಡಿನಿಂದ ಕಾಟಿಯೊಂದು, ದೊಡ್ಡ ಕಾಡುಕೋಣ, ಇಳಿದು ಬಂದು ತಿವಿದು ಕೊಂದಿತ್ತು. ಕಾಟಿ ಇಳಿಯುವುದನ್ನು ಮೇಲಿನ ಸಾಲಿನಲ್ಲಿದ್ದವರೆಲ್ಲ ನೋಡಿದ್ದರು.

ನಾನು ತಲುಪುವಾಗ ಹಟ್ಟಿಯ ಹಿರಿಯರೊಬ್ಬರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಗಂಟಲು ಹರಿಯೋ ಹಾಗೆ ಕೂಗಿದೆವು. ಅವ ತಿರುಗಿಯೇ ನೋಡಿಲೆ."

ನನಗೆ ತಡೆಯಲಾಗಲಿಲ್ಲ. "ಮುಂದೆ ಒಂದು ಹೆಂಟೆ ಎಸೀಬಾರದಿತ್ತಾ ದೊಡ್ಡಪ್ಪ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಹೆಂಟೆಯಾ? ಯಾತಕ್ಕೆ?"

ಅವರಿಗೆ ಗೊತ್ತೇ ಇರಲಿಲ್ಲ. ಅಲ್ಲಿದ್ದ ದೊಡ್ಡವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದೇ ನಲ್ಲಿಯಲ್ಲಿ ನೀರು ಹಿಡಿದವರು, ಮದುವೆ ಸಾವಿಗೆಲ್ಲ ಆ ಮನುಷ್ಯನ ಕೈಯಲ್ಲಿ ಸೌದೆ ಒಡೆಸಿದವರು. ಕಿವಿ ಕೇಳದವನಿಗೆ ಕೂಗಿ, ಕೂಗಿದ್ದೇ ಉಪಕಾರ ಎಂಬಂತೆ ನಿಟ್ಟುಸಿರು ಬಿಡುತ್ತಿದ್ದರು. ಆ ಇಳಿಜಾರಿನಲ್ಲಿ ಕಾಲಿಟ್ಟಲ್ಲೆಲ್ಲ ಹೆಂಟೆ. ನನಗೆ ಈಗಲೂ ಸಿಟ್ಟಿದೆ, ಕಾಟಿಯ ಮೇಲಲ್ಲ.

ಹಾಳೆ ಹಿಡಿದು ಅಟ್ಟದಿಂದ ಇಳಿದೆ. ಮಗಳು ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅದೇ ವೀರನ ಹೊಸ ಸಿನಿಮಾ ನೋಡುತ್ತಿದ್ದಳು. ಕರೆದೆ. ಕೇಳಿಸಲಿಲ್ಲ. ಇನ್ನೂ ಜೋರಾಗಿ ಕರೆದೆ. ಆಮೇಲೆ ಅಮ್ಮ ಒಣಹಾಕಿದ್ದ ಬೆಳ್ಳುಳ್ಳಿಯಿಂದ ಒಂದು ಗಡ್ಡೆ ತೆಗೆದು ಅವಳ ಮುಂದೆ ಬೀಳುವ ಹಾಗೆ ಎಸೆದೆ.

ತಕ್ಷಣ ತಿರುಗಿ ಹುಬ್ಬು ಹಾರಿಸಿದಳು. "ಏನಮ್ಮ?"

ಅಷ್ಟು ಸುಲಭವಿತ್ತು.