ಮೆಂತೆ ಬುಟ್ಟಿಯ ಒದ್ದೆ ಗೋಣಿ

“ತಮ್ಮಾ, ನಿನ್ನ ಡಬ್ಬಿ ಸೋರಾಕತ್ತದ ನೋಡು,” ಎಂದರು ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು. ರಾಜೇಶ್ವರದಲ್ಲಿ ಹತ್ತಿದ್ದ ಅವರು ಸಂತೆಗೆ ಒಯ್ಯುವ ಮೆಂತೆಸೊಪ್ಪಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡಿದ್ದರು.

“ಅದರಾಗ ನಮ್ಮವ್ವನ ರಕ್ತ ಅದ ಯಕ್ಕಾ. ಬರ್ಫ ಕರಗಾಕತ್ತದ,” ಎಂದೆ.

ಅದು ಎಂಬತ್ತರ ದಶಕದ ಒಂದು ಬೇಸಿಗೆ. ಅವ್ವನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿತ್ತು. ರಕ್ತದಲ್ಲಿ ಒಂದು ಬಗೆಯ ಪ್ರೋಟೀನ್ ಏರಿದ್ದರೆ ರೋಗ ಮರಳಿರಬಹುದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಬಸವಕಲ್ಯಾಣದಲ್ಲಿ ರಕ್ತ ತೆಗೆಸಿ, ಐಸಿನಲ್ಲಿಟ್ಟು ಹೈದರಾಬಾದಿನ ಲ್ಯಾಬಿಗೆ ಒಯ್ಯುತ್ತಿದ್ದೆ. ನರ ಸಿಗದೆ ಅವ್ವನ ಎರಡೂ ಕೈಗಳಿಗೆ ಚುಚ್ಚಿದ್ದನ್ನೂ, ದಾರಿಯಲ್ಲಿ ರಕ್ತ ಕೆಟ್ಟರೆ ಮತ್ತೆ ಚುಚ್ಚಬೇಕೆಂದೂ ಅವರಿಗೆ ಹೇಳಿದೆ.

ಅವರು ಮೆಂತೆಯ ಮೇಲೆ ಹೊದಿಸಿದ್ದ ಒದ್ದೆ ಗೋಣಿಯನ್ನು ತೆಗೆದು ನನ್ನ ಡಬ್ಬಿಗೆ ಸುತ್ತಿದರು. ಈ ಬಿಸಿಲಿಗೆ ಪಲ್ಯ ಬಾಡುತ್ತದಲ್ಲ ಎಂದೆ.

“ಬಾಡಿದ್ರ ನಾಳೆ ಬ್ಯಾರೆ ಕೀಳ್ತೀನಿ. ಅವ್ವಗ ಮತ್ತ ಸೂಜಿ ಚುಚ್ಚಸಬ್ಯಾಡ,” ಎಂದವರು ಹುಮನಾಬಾದಿನಲ್ಲಿ ಇಳಿದುಹೋದರು. ಗೋಣಿಯನ್ನು ವಾಪಸ್ ಕೇಳಲಿಲ್ಲ.

ಪ್ರೋಟೀನ್ ಏರಿತ್ತು. ರಿಪೋರ್ಟ್ ವಿಷಯ ಹೇಳಿದಾಗ ಅವ್ವ ಸುಮ್ಮನೆ ಕೇಳಿಸಿಕೊಂಡಳು. ಗೋಣಿಯ ಸಂಗತಿ ಹೇಳಿದ ಮೇಲೆ ಮಾತ್ರ, “ಪಾಪ, ಆಕಿ ಪಲ್ಯಾ ಮಾರಾಟ ಆಯ್ತೇನಪ?” ಎಂದಳು. ಅವ್ವ ಆ ವರ್ಷದ ಮಳೆಗಾಲ ಕಾಣಲಿಲ್ಲ. ಹುಮನಾಬಾದ್ ಸಂತೆಗೆ ಹೋದರೆ ಇವತ್ತಿಗೂ ನಾನು ಬಾಡಿದ ಮೆಂತೆಯನ್ನೇ ಕೊಳ್ಳುತ್ತೇನೆ.