ಒಡ್ಡಿನಾಚೆ ಬಿಟ್ಟ ಕೇರಿ

ಹೊಳೆಗೆ ಒಡ್ಡು ಹಾಕಲು ಗೆರೆ ಎಳೆದಾಗ ಓವರ್‌ಸಿಯರರ ಅಳತೆ ಸರಪಳಿಯ ಇನ್ನೊಂದು ತುದಿ ಹಿಡಿದಿದ್ದವನು ನಾನೇ. ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ನಮ್ಮದು ಎಡತೊರೆ ತಾಲ್ಲೂಕಿನ, ಕಾವೇರಿ ದಡದ ಊರು. ಊರ ಮುಂದೆ ಗದ್ದೆ ಬಯಲು. ಬಯಲಿಗೂ ಹೊಳೆಗೂ ನಡುವೆ, ತಗ್ಗಿನಲ್ಲಿ, ಕೂಲಿಯವರಾದ ನಮ್ಮ ಕೇರಿ. ಒಂದು ಮಳೆಗಾಲ ಹೊಳೆ ದಡ ಮೀರಿ ಬಂದು ಗದ್ದೆಗಳ ಮೇಲೆ ಮೊಣಕಾಲುದ್ದ ಮರಳು ಹಾಸಿಬಿಟ್ಟಿತು. ನಮ್ಮ ಗೋಡೆಗಳು ಕುಸಿದವು. ನನ್ನ ಅಪ್ಪನ ತಾಯಿ ಕೊಚ್ಚಿಹೋದಳು, ಹೆಣವೂ ಸಿಗಲಿಲ್ಲ.

ಪಟೇಲರು ಸರ್ಕಾರಕ್ಕೆ ಅರ್ಜಿ ಬರೆಸಿದರು. ನಾಲ್ಕನೇ ತರಗತಿ ಓದಿದ್ದ ನಾನು ಅದನ್ನು ಕೇರಿಯವರಿಗೆ ಓದಿ ಹೇಳಿದೆ. ಗದ್ದೆಯ ಮಾತು ಕಡೆಯಲ್ಲಿತ್ತು. ಮೊದಲ ಸಾಲಿನಲ್ಲೇ ನಮ್ಮ ಕುಸಿದ ಮನೆಗಳು, ನನ್ನ ಅಜ್ಜಿಯ ಸಾವು. ಅಪ್ಪ ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಒತ್ತಿದ. ಎಲ್ಲರೂ ಒತ್ತಿದರು.

ಸರ್ಕಾರ ಒಪ್ಪಿತು. ಕಲ್ಲು ಸರ್ಕಾರದ್ದು, ನಕ್ಷೆ ಸರ್ಕಾರದ್ದು, ಮಣ್ಣು ಹೊರುವ ಕೆಲಸ ಊರಿನದು ಎಂದು ಆಯಿತು. ಊರಿನದು ಎಂದರೆ ನಮ್ಮದು. ಓವರ್‌ಸಿಯರು ಬಂದರು. ಅವರು ತೋರಿಸಿದ ಕಡೆ ನಾನು ಗೂಟ ಹೊಡೆದೆ. ಮಿರ್ಲೆ ಕಡೆಯಿಂದ ಗಾಡಿಗಳಲ್ಲಿ ಕಲ್ಲು ಬಂತು. ನನಗೋ ಹೆಮ್ಮೆ, ಸರ್ಕಾರದ ಕೆಲಸ, ಅಜ್ಜಿಯ ಹೆಸರಿನಲ್ಲಿ ಬಂದ ಕೆಲಸ.

ಮೊದಲು ಕಂಡುಕೊಂಡವಳು ನನ್ನ ಹೆಂಡತಿ. ಮಣ್ಣಿನ ಮಂಕರಿ ಇಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಅಲ್ಲಾ, ಗೂಟ ನಮ್ಮನೆ ಹಿಂದ್ಗಡೆ ಹೋಗ್ಯವಲ್ಲ. ನಮ್ಮನ್ನ ಹೊಳೆಗೇ ಬುಟ್ಬುಟ್ರಾ?"

ನೋಡಿದೆ. ಗದ್ದೆ ಒಡ್ಡಿನ ಒಳಗೆ. ನಾವು ಹೊರಗೆ, ಹೊಳೆಯ ಜೊತೆ.

ಓವರ್‌ಸಿಯರರನ್ನು ಕೇಳಿದೆ. ಅವರು ಕೆಟ್ಟವರೇನಲ್ಲ, ನಕ್ಷೆ ಬಿಚ್ಚಿ ತೋರಿಸಿದರು. ನಮ್ಮ ಕೇರಿ ಇರಬೇಕಾದ ಕಡೆ 'ಹೊಳೆ ಖರಾಬು' ಎಂದು ಬರೆದಿತ್ತು; ಯಾರೂ ಇಲ್ಲದ, ಯಾರದೂ ಅಲ್ಲದ ಜಾಗ. "ಇದು ಮೈಸೂರಲ್ಲಿ ಮಂಜೂರಾಗಿ ಬಂದದ್ದಪ್ಪಾ, ನನ್ನ ಕೈಲಿಲ್ಲ" ಎಂದರು.

ಪಟೇಲರ ಹತ್ತಿರ ಹೋದೆವು. ಜಗಲಿಯ ಕೆಳಗೆ ನಿಂತು ಅಪ್ಪ ಹೇಳಿದ, "ಬುದ್ಧಿ, ಅರ್ಜೀಲಿ ನಮ್ಮವ್ವನ್ನ ಬರಸಿದ್ರಿ."

"ಬರಸ್ದೆ ಕಣ್ಲಾ. ಅದಕ್ಕೇ ಒಡ್ಡು ಬಂದದ್ದು. ನಿಮ್ಮನ್ನೂ ಸುತ್ತಿ ಬರಬೇಕು ಅಂದ್ರೆ ಸರ್ಕಾರ ಒಪ್ಪಾಕಿಲ್ಲ. ನಿಮ್ಮವು ಹುಲ್ಲು ಮನೆ. ನೀರು ಬಂದ್ರೆ ಎದ್ದು ಬನ್ನಿ."

ಮೂರು ದಿನ ಮಣ್ಣು ಹೊರಲಿಲ್ಲ. ನಾಲ್ಕನೇ ದಿನ ಗದ್ದೆ ಕೆಲಸಕ್ಕೂ ಬರಬೇಡಿ ಎಂದು ಹೇಳಿ ಕಳಿಸಿದರು. ಮಕ್ಕಳು ಹಸಿದವು. ಮತ್ತೆ ಮಂಕರಿ ಎತ್ತಿದೆವು. ನಮ್ಮ ಕೈಯಿಂದಲೇ ಒಡ್ಡು ಮುಗಿಯಿತು.

ಮುಂದಿನ ಮಳೆಗೆ ಹೊಳೆ ತುಂಬಿತು. ಹಿಂದೆಲ್ಲ ಬಯಲಿಗೆ ಹರಡಿ ಇಳಿಯುತ್ತಿದ್ದ ನೀರು ಒಡ್ಡಿಗೆ ಬಡಿದು ನಮ್ಮ ಮೇಲೆಯೇ ನಿಂತಿತು. ಹೆಂಗಸರನ್ನೂ ಮಕ್ಕಳನ್ನೂ ಒಡ್ಡಿನ ಮೇಲೆ ಹತ್ತಿಸಿದೆವು. ನೋಡನೋಡುತ್ತ ಸೂರುಗಳು ತೇಲಿದವು. ನಾನೂ ಇನ್ನು ನಾಲ್ವರೂ ಗುದ್ದಲಿ ತಂದೆವು. ಒಡ್ಡನ್ನು ಒಂದು ಮಾರು ಕಡಿದರೆ ಸಾಕಿತ್ತು, ನೀರು ಗದ್ದೆಗೆ ಇಳಿಯುತ್ತಿತ್ತು.

ಅಪ್ಪ ಅಡ್ಡ ನಿಂತ. "ಬ್ಯಾಡ ಕಣ್ಲಾ. ಮನೆ ಹೋಯ್ತು. ಪೈರೂ ಹೋದ್ರೆ ಕುಯ್ಯಾಕೆ ಏನದೆ? ಉಣ್ಣಾಕೆ ಏನದೆ?"

ನನ್ನ ಗುದ್ದಲಿ ಕಿತ್ತುಕೊಂಡು ಹೊಳೆಗೆ ಎಸೆದ. ಅವನು ಹೇಳಿದ್ದು ನಿಜ. ಆದರೂ ಬಹಳ ದಿನ ಅವನ ಜೊತೆ ಮಾತಾಡಲಿಲ್ಲ.

ನೀರಿಳಿದ ಮೇಲೆ ತಾಲ್ಲೂಕಿನ ಅಮಲ್ದಾರರು ಒಡ್ಡು ನೋಡಲು ಬಂದರು. ಪಟೇಲರು ಹಾರ ಹಾಕಿದರು. "ಒಂದು ಎಕರೆಯೂ ಹಾಳಾಗಿಲ್ಲ" ಎಂದು ಅಮಲ್ದಾರರು ಸಂತೋಷಪಟ್ಟರು. ನನ್ನ ಹೆಂಡತಿ ಜನರ ನಡುವಿನಿಂದ ಮುಂದೆ ಬಂದಳು.

"ಸ್ವಾಮಿ, ನಾವಿದ್ದ ಜಾಗ ಎಕರೆಗೆ ಸೇರಾಕಿಲ್ವಾ?"

ಪಟೇಲರ ಆಳು ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ಅಮಲ್ದಾರರು ಮಾತ್ರ ಒಡ್ಡಿನಿಂದ ಇಳಿದು ಬಂದು ಕೇರಿಯ ಕೆಸರಿನಲ್ಲಿ ನಿಂತು ನೋಡಿದರು. ಆ ವರ್ಷವೇ ದಿಬ್ಬದ ಮೇಲೆ ನಮಗೆ ನಿವೇಶನ ಸಿಕ್ಕಿತು. ಬರೀ ಕಲ್ಲು ನೆಲ. ನೀರಿಗೆ ಅರ್ಧ ಮೈಲಿ. ಅದನ್ನೂ ಉಪಕಾರವೆಂದೇ ಹೇಳಿ ಕೊಟ್ಟರು.

ಕೇರಿ ಖಾಲಿಯಾಗಿ ಎರಡು ವರ್ಷಕ್ಕೆ ಆ ಜಾಗ, ಸಾಗುವಳಿಗೆ ಬೇಕೆಂದು ಹಾಕಿದ ದರಖಾಸ್ತಿನಲ್ಲಿ, ಪಟೇಲರಿಗೆ ಮಂಜೂರಾಯಿತು. ಅದರ ಹಿಂದೆಯೇ ಸರ್ಕಾರ ಒಡ್ಡನ್ನು ಬೆಳೆಸಲು ಒಪ್ಪಿತು. ನಾವಿದ್ದಾಗ ಸುತ್ತಿ ಬರಲಾಗದಿದ್ದ ಒಡ್ಡು ಈಗ ಅದೇ ಜಾಗದಲ್ಲಿ ಪಟೇಲರು ಹಾಕಿದ ಕಬ್ಬಿನ ಸುತ್ತ ಸಲೀಸಾಗಿ ಬಂತು. ಮಣ್ಣು ಹೊರಲು ನಮ್ಮನ್ನೇ ಕರೆದರು. ನಾನೂ ನನ್ನ ಹೆಂಡತಿಯೂ ಹೋಗಲಿಲ್ಲ. ಉಳಿದವರು ಹೋದರು. ಅವರನ್ನು ನಾನು ಬೈಯಲಾರೆ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು.