ಭಾಲ್ಕಿಯ ಮಹಡಿ ಮನೆಯಲ್ಲಿ ಮಗಳ ನಿದ್ದೆ

ನನ್ನ ಮಗಳು ಐದು ತಿಂಗಳ ಕೂಸಾಗಿದ್ದಾಗ ಹಗಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಮಲಗುತ್ತಿರಲಿಲ್ಲ. ಒಲೆಯ ಮೇಲೆ ಇಟ್ಟ ಬೇಳೆ ಬೇಯುವುದರೊಳಗೆ ಎದ್ದುಬಿಡುತ್ತಿದ್ದಳು. ಇನ್ನು ನಸುಕಿನಲ್ಲಿ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ಮಲಗುವ ಮಾತೇ ಇಲ್ಲ. ಆಡಲೆಂದು ಎದ್ದ ಕೂಸಿನ ಹಾಗಲ್ಲ. ನಿದ್ದೆ ಸಾಲದೆ ಕಣ್ಣುಜ್ಜುತ್ತ, ಕಿವಿ ಎಳೆದುಕೊಳ್ಳುತ್ತ, ಬೆಳಕು ಹರಿಯುವವರೆಗೂ ಅಳುತ್ತಿದ್ದಳು.

ಆಗ ನಾವು ಭಾಲ್ಕಿಯಲ್ಲಿದ್ದೆವು. ನನ್ನ ಗಂಡನಿಗೆ ಪಶು ಆಸ್ಪತ್ರೆಯಲ್ಲಿ ಕೆಲಸ. ಬೆಳಿಗ್ಗೆ ಬೈಕ್ ಹತ್ತಿ ಹಳ್ಳಿಗಳಿಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಬರುತ್ತಾರೆಂಬ ಖಾತ್ರಿ ಇರಲಿಲ್ಲ. ನಾನು ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ; ಬಸುರಿಯಾದ ಮೇಲೆ ಬಿಟ್ಟಿದ್ದೆ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ಮಾಲೀಕರ ಸಂಸಾರ. ಮಾಲೀಕರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಹತ್ತನೇ ಇಯತ್ತೆ ಓದುವ ಒಬ್ಬ ಮೊಮ್ಮಗಳು ಅವರ ಜೊತೆಗಿದ್ದಳು.

ಮಳೆ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕಾಕು ಮೆಟ್ಟಿಲಿನ ಅರ್ಧಕ್ಕೆ ಬಂದು ನಿಂತು ಕರೆದರು.

“ತಂಗಿ, ಕೂಸಿಗೇನರ ಆಗಿತ್ತೇನು? ನಸಿಕಿನ್ಯಾಗ ಭಾಳ ಅಳ್ಲತಿತ್ತು. ನಮ್ಮ ಹುಡುಗಿದು ಈ ಸಲ ಪರೀಕ್ಷಿ ಅದ ನೋಡು, ಆ ಹೊತ್ತಿಗೇ ಎದ್ದು ಓದ್ತಾಳ.”

“ತಪ್ಪಾಯ್ತ್ರಿ ಕಾಕು. ನೋಡ್ಕೋತೇನ್ರಿ,” ಎಂದೆ.

ಅದಾಗಿ ಕೆಲವು ದಿನಕ್ಕೆ ನನ್ನ ಗಂಡ ಸಂಜೆ ಮನೆಗೆ ಬಂದವರು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕುಳಿತರು. ಚಹಾ ತಣ್ಣಗಾಯಿತು.

“ಮಾಲಕರು ಅಂಗಡಿಗಿ ಕರೆದಿದ್ರು,” ಎಂದರು. “ಬ್ಯಾರೆ ಮನಿ ನೋಡ್ಕೋರಿ ಅಂದ್ರು.”

“ಕೂಸು ಅಳೂದಕ್ಕೇನ್ರಿ?”

ಅವರು ನನ್ನ ತೊಡೆಯ ಮೇಲಿದ್ದ ಮಗಳನ್ನು ನೋಡಿದರು. “ಹೂಂ,” ಎಂದರು.

“ಎಷ್ಟ್ ದಿನ ಕೊಟ್ಟಾರ್ರಿ?”

“ಬ್ಯಾಸಗಿ ಸೂಟಿತನಕ.”

“ಅಷ್ಟ್ರಾಗ ಅಳೂದು ನಿಂತ್ರ? ಮಲಗೂದು ಕಲಿತ್ರ?”

ಅವರು ಹೆಲ್ಮೆಟ್ ಎತ್ತಿ ಮೊಳೆಗೆ ತೂಗುಹಾಕಿದರು. “ನೋಡೋಣು,” ಎಂದರು.

ಆ ಮನೆ ನನಗೆ ಬೇಕಾಗಿತ್ತು. ಆಸ್ಪತ್ರೆ ಹತ್ತಿರ, ನಳದಲ್ಲಿ ನೀರು ಸರಿಯಾಗಿ ಬರುತ್ತಿತ್ತು, ಮೇಲೆ ಬಟ್ಟೆ ಒಣಹಾಕಲು ಮಾಳಿಗೆ ಇತ್ತು. ಅದಕ್ಕಿಂತ ಹೆಚ್ಚಾಗಿ ಮದುವೆಯಾದ ಮೇಲೆ ನಾವಿಬ್ಬರೇ ಹುಡುಕಿ ಹಿಡಿದ ಮೊದಲ ಮನೆ ಅದು. ಒಂದು ಕೂಸನ್ನು ಮಲಗಿಸಲಾರದ್ದಕ್ಕೆ ಮನೆ ಬಿಡಬೇಕಾಯಿತು ಎಂದು ಯಾರ ಮುಂದೆ ಹೇಳುವುದು?

ಮೊದಲು ಅಳುವನ್ನು ಕೆಳಗೆ ಕೇಳದ ಹಾಗೆ ಮಾಡಲು ನೋಡಿದೆ. ನಾಲ್ಕಕ್ಕೆ ಅವಳು ಮಿಸುಕಿದ ಕೂಡಲೇ ಎತ್ತಿಕೊಂಡು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿ, ಬಕೆಟ್ಟಿಗೆ ನಳ ಬಿಡುತ್ತಿದ್ದೆ. ನೀರಿನ ಸದ್ದಿನಲ್ಲಿ ಅಳು ಮುಚ್ಚಿಹೋಗಲಿ ಎಂದು. ಬೀದರ್ ಜಿಲ್ಲೆಯ ಚಳಿ, ಕಾಲ ಕೆಳಗೆ ಹಾಸುಗಲ್ಲು. ಅವಳನ್ನು ಶಾಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿರುತ್ತಿದ್ದೆ. ಒಂದು ದಿನ ಎಷ್ಟು ಒತ್ತಿ ಹಿಡಿದಿದ್ದೆನೆಂದರೆ ಅಳು ನಿಂತೇ ಹೋಯಿತು. ಮಲಗಿದಳು ಅಂದುಕೊಂಡೆ. ನನ್ನ ಗಂಡ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಅವಳ ಮುಖವನ್ನು ನನ್ನ ಎದೆಯಿಂದ ಬಿಡಿಸಿದರು. ಅವಳು ಬಾಯಿ ತೆರೆದು ಉಸಿರೆಳೆದುಕೊಂಡಳು. ಮುಖ ಕೆಂಪಾಗಿತ್ತು. ಅಂದಿನಿಂದ ನಸುಕಿನಲ್ಲಿ ಅವಳನ್ನು ಅವರೇ ಎತ್ತಿಕೊಂಡು ಸ್ಟೇಷನ್ನಿನವರೆಗೆ ಹೋಗಿ ಬರತೊಡಗಿದರು. ಮಂಕಿ ಟೋಪಿ ಹಾಕಿದ ಗಂಡಸು, ಭುಜದ ಮೇಲೆ ಅಳುವ ಕೂಸು. ನಾಯಿಗಳು ಬೆನ್ನಟ್ಟಿ ಬೊಗಳುತ್ತಿದ್ದವು.

ಸಂಕ್ರಾಂತಿ ಕಳೆದ ಮೇಲೆ ಕೆಲವು ದಿನ ಔರಾದ ಕಡೆಯ ನನ್ನ ತವರಿಗೆ ಹೋದೆ. ಅಲ್ಲಿಯೂ ಮಗಳು ನಾಲ್ಕಕ್ಕೇ ಎದ್ದಳು. ನಾನು ಗಡಬಡಿಸಿ ಎತ್ತಿಕೊಂಡು ಬಾಗಿಲು ಹುಡುಕುವುದನ್ನು ಅವ್ವ ಕತ್ತಲಲ್ಲೇ ಕುಳಿತು ನೋಡಿದಳು.

“ಎಲ್ಲಿಗಿ ಓಡ್ಲತಿ? ಅಳ್ಲಿ ಬಿಡು. ನಸಿಕಿಗಿ ಎದ್ದವರು ಕಳ್ಳರೇನು?”

ಅವ್ವ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ಒಲೆ ಹೊತ್ತಿಸಿದಳು. ಪಕ್ಕದ ಮನೆಯವರೂ ಎದ್ದಿದ್ದರು, ಆಡುಗಳೂ ಎದ್ದಿದ್ದವು. ಕೂಸು ಅತ್ತರೆ ಯಾರೂ ತಲೆ ಎತ್ತಿ ನೋಡಲಿಲ್ಲ. ಮನೆ ಖಾಲಿ ಮಾಡುವ ಸಂಗತಿಯನ್ನು ನಾನು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದೇ ಒಂದು ಮಾತು ಕೇಳಿದಳು.

“ಆ ಮಾಲಕನ ಹೆಂಡತಿ ನಿನ್ನ ಮನ್ಯಾಗ ನೀರು ಕುಡಿತಾಳೇನು?”

ನಮ್ಮ ಅಜ್ಜನ ಕಾಲದಲ್ಲಿಯೇ ನಮ್ಮ ಕೇರಿಯವರು ಬೌದ್ಧರಾಗಿದ್ದರು. ಊರು ಮಾತ್ರ ಹಳೆಯ ಜಾತಿಯ ಹೆಸರಿನಿಂದಲೇ ಕರೆಯುತ್ತಿತ್ತು. ಅವ್ವ ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು, ಸಿಟ್ಟೂ ಬಂತು.

“ಅವ್ವ, ಆ ಕಾಲ ಹೋಗ್ಯಾದ. ಕೂಸು ಅಳ್ತದಂತ ಅಂದಾರ, ಅಷ್ಟೇ.”

“ಆಯ್ತು ಬಿಡು,” ಎಂದು ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಕಾಕು ನಮ್ಮ ಮನೆಗೆ ಎಷ್ಟು ಸಲ ಬಂದಿದ್ದರು, ಏನು ಕುಡಿದಿದ್ದರು ಎಂದು ಆ ಕ್ಷಣ ನೆನಪು ಮಾಡಿಕೊಳ್ಳಲು ನಾನು ಹೋಗಲಿಲ್ಲ. ಮಗಳ ನಿದ್ದೆ ನನ್ನ ಕೈಯಲ್ಲಿತ್ತು, ಆ ಇನ್ನೊಂದು ವಿಷಯ ಯಾರ ಕೈಯಲ್ಲೂ ಇರಲಿಲ್ಲ.

ತವರಿನಿಂದ ಬಂದ ಮೇಲೆ ಬೀದರಿನಲ್ಲಿ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಹೆಣ್ಣುಮಗಳು. ಹೊಟ್ಟೆ, ಕಿವಿ, ಗಂಟಲು ಎಲ್ಲ ನೋಡಿ, ಕೂಸಿಗೆ ಏನೂ ಆಗಿಲ್ಲ ಎಂದರು.

“ಹ್ಯಾಂಗ ಮಲಗಸ್ತೀರಿ?”

“ಸೀರಿ ಕಟ್ಟಿ ಝೋಳಿಗ್ಯಾಗ ತೂಗ್ತೇನ್ರಿ. ತೂಗೂದು ನಿಂತ್ರ ಏಳ್ತಾಳ.”

“ಅದಕ್ಕೇ. ಅರಿವಿ ಅಲುಗಾಡಿದ್ರೇ ನಿದ್ದಿ ಅಂತ ಅಕಿಗಿ ರೂಢಿ ಆಗ್ಯಾದ. ಕೆಳಗ ಹಾಸಿ ಮಲಗಸ್ರಿ, ಎಚ್ಚರ ಇದ್ದಾಗೇ ಮಲಗಸ್ರಿ. ಭಾಳ ದಣಿಲಿ, ಆಮ್ಯಾಲ ಮಲಗ್ತಾಳ ಅಂತ ತಡ ಮಾಡಬ್ಯಾಡ್ರಿ. ದಣಿದ ಕೂಸೇ ಲಗೂ ಏಳ್ತದ. ಸಂಜಿ ದೀಪ ಹಚ್ಚೂ ಹೊತ್ತಿಗಿ ಮಲಗಿಸಿ ಬಿಡ್ರಿ. ನಾಲ್ಕಕ್ಕ ಎದ್ರ ಲೈಟ್ ಹಚ್ಚಬ್ಯಾಡ್ರಿ, ಹೊರಗ ಒಯ್ಯಬ್ಯಾಡ್ರಿ.”

ಅಂದರೆ ನಾವು ಮಾಡುತ್ತಿದ್ದುದೆಲ್ಲವೂ ತಿರುಗಾಮುರುಗಾ ಆಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಜೀವ ಬಂದ ಹಾಗಾಗಿತ್ತು. ಲೆಕ್ಕ ಎಲ್ಲಿ ತಪ್ಪಿದೆ ಎಂದು ಗೊತ್ತಾದರೆ ಆಯಿತಲ್ಲ, ಮತ್ತೆ ಮೊದಲಿನಿಂದ ಮಾಡಬಹುದು. ಗಂಡ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

ಝೋಳಿಗೆ ಬಿಚ್ಚಿ ಮಡಚಿಟ್ಟೆ. ಕಿಟಕಿಗೂ ಗವಾಕ್ಷಿಗೂ ಔಷಧಿ ಪೆಟ್ಟಿಗೆಯ ರಟ್ಟು ಕತ್ತರಿಸಿ ಹಚ್ಚಿದೆವು; ಗಂಡ ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆದರು, ನಾನು ಕೆಳಗಿನಿಂದ ರಟ್ಟು ಕೊಟ್ಟೆ. ಕೂಸಿನ ಪಕ್ಕ ಕತ್ತಲಲ್ಲಿ ಮಲಗಿ ಎದೆಯ ಮೇಲೆ ಕೈ ಇಟ್ಟು ತಟ್ಟುತ್ತಿದ್ದೆ. ಮೊದಲ ದಿನಗಳಲ್ಲಿ ಅವಳು ಮೊದಲಿಗಿಂತಲೂ ಹೆಚ್ಚು ಅತ್ತಳು. ಅಡುಗೆಮನೆಯಲ್ಲಿ ಗಂಡ ನೆಲದ ಮೇಲೆ ಕುಳಿತು ಮೊಬೈಲಿನ ಬೆಳಕಿನಲ್ಲಿ ಊಟ ಮಾಡುತ್ತಿದ್ದರು, ಚಮಚದ ಸದ್ದಾಗದ ಹಾಗೆ. ನಾವು ಆ ತಿಂಗಳು ಮಾತಾಡಿದ್ದೆಲ್ಲ ಪಿಸುಮಾತಿನಲ್ಲಿ. ಯಾವ ಮಾತನ್ನೂ ಪೂರ್ತಿ ಆಡಲಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರುವ ಹೊತ್ತಿಗೆ ಮಗಳು ದಾರಿಗೆ ಬಂದಳು. ಮಧ್ಯಾಹ್ನ ಒಮ್ಮೆ ಮಿಸುಕಿ, ಕಣ್ಣು ಬಿಟ್ಟು, ತಾನಾಗಿಯೇ ಮಗ್ಗುಲು ಬದಲಿಸಿ ಮತ್ತೆ ಮಲಗಿದಳು. ನಾನು ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಟ್ಟೆ ಒಗೆದೆ, ಸ್ನಾನ ಮಾಡಿದೆ, ಜಡೆ ಹೆಣೆದುಕೊಂಡೆ, ಇನ್ನೂ ಮಲಗಿಯೇ ಇದ್ದಳು. ಆಮೇಲೆ ಒಂದು ದಿನ ನನಗೆ ಎಚ್ಚರವಾದಾಗ ರಟ್ಟಿನ ಸಂದಿನಿಂದ ಬಿಸಿಲು ಬರುತ್ತಿತ್ತು. ಗಾಬರಿಯಾಗಿ ಅವಳ ಮೂಗಿನ ಹತ್ತಿರ ಕೈ ಹಿಡಿದೆ. ಹಾಯಾಗಿ ಉಸಿರಾಡುತ್ತಿದ್ದಳು.

ಒಂದು ವಾರ ಕಾದೆ. ಮೊಮ್ಮಗಳ ಪರೀಕ್ಷೆಯೂ ಮುಗಿಯಿತು. ಶೇಂಗಾ ಹೋಳಿಗೆ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು, ಮಗಳು ಮಲಗಿರುವಾಗಲೇ ಕೆಳಗೆ ಹೋದೆ. ಕಾಕು ಪಡಸಾಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು.

“ಕಾಕು, ಈಗ ಅಳೂದು ಕೇಳಸ್ತದೇನ್ರಿ?”

“ಇಲ್ಲವ್ವಾ. ನಾನೂ ಅಂದೆ, ಮನ್ಯಾಗ ಕೂಸು ಅದನೋ ಇಲ್ಲೋ ಅಂತ.”

“ಈಗ ಬೆಳಕಾಗೋತನಕ ಮಲಗ್ತಾಳ್ರಿ. ಮಧ್ಯಾಹ್ನನೂ ಮಲಗ್ತಾಳ. ಕಾಕಾರಿಗಿ ನೀವು ಜರಾ ಹೇಳ್ರಿ. ನಾವು ಮನಿ ಬಿಡೂದು ಬ್ಯಾಡಲ್ರಿ ಇನ್ನ?”

ಕಾಕು ಮೊರವನ್ನು ಕೆಳಗಿಟ್ಟರು. ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯ ಇತ್ತು.

“ಕೂಸು ಅಳ್ತದಂತ ಯಾರರ ಮನಿ ಬಿಡಸ್ತಾರೇನು ತಂಗಿ? ಯಾರ ಮನ್ಯಾಗ ಕೂಸು ಅತ್ತಿಲ್ಲ? ನಿನ್ನ ಗಂಡಗ ಅವರು ಅಂಗಡ್ಯಾಗ ಎಲ್ಲಾ ಬಿಚ್ಚಿ ಹೇಳ್ಯಾರಲ್ಲ. ನಿನಗ ಹೇಳಿಲ್ಲೇನು?”

“ಏನ್ ಹೇಳಿಲ್ರಿ?”

“ನಿಮ್ಮೂರ ಕಡಿಯವ್ರೊಬ್ರು ಅರಿವಿ ತಗೊಳ್ಳಾಕ ಬಂದಿದ್ರು. ನೀವು ಯಾರಂತ ಅವರು ಹೇಳಿದ್ರು. ಮನಿ ಹಿಡಿವಾಗೇ ನೀವು ಹೇಳಬೇಕಾಗಿತ್ತು. ನನಗೇನಿಲ್ಲವ್ವಾ. ನಾ ಹಂಗೆಲ್ಲಾ ನೋಡೂದಿಲ್ಲ. ಆದ್ರ ನಮ್ಮನಿಯವರದು ಪೂಜಿ ನಡಿತದ, ಮಂದಿ ಬರ್ತಾರ, ಹೋಗ್ತಾರ.”

ನಾನು ಡಬ್ಬಿ ಮುಂದೆ ಚಾಚಿಕೊಂಡೇ ನಿಂತಿದ್ದೆ. ಕಾಕು ಅದರ ಕಡೆ ನೋಡಿ, “ಅಲ್ಲೇ ಕಟ್ಟಿ ಮ್ಯಾಲ ಇಡು,” ಎಂದರು. ನಾನು ಇಡಲಿಲ್ಲ. ಡಬ್ಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಮೇಲೆ ಮಗಳು ಇನ್ನೂ ಮಲಗಿದ್ದಳು. ರಟ್ಟು ಹಚ್ಚಿದ ಆ ಕತ್ತಲ ಕೋಣೆಯಲ್ಲಿ ಅವಳು ಅಷ್ಟು ಹೊತ್ತು, ಅಷ್ಟು ಶಾಂತವಾಗಿ ಮಲಗಿದ್ದನ್ನು ಅಂದೇ ಮೊದಲ ಸಲ ನನ್ನಿಂದ ನೋಡಲಾಗಲಿಲ್ಲ.

ಗಂಡ ಬಂದಾಗ ನಾನು ಪಿಸುಗುಟ್ಟಲಿಲ್ಲ. “ಕೂಸಿನ ಮ್ಯಾಲ ಯಾಕ ಹಾಕಿದ್ರಿ?” ಎಂದು ದೊಡ್ಡ ದನಿಯಲ್ಲೇ ಕೇಳಿದೆ.

ಅವರಿಗೆ ತಕ್ಷಣ ಗೊತ್ತಾಯಿತು. ಕೈ ತೊಳೆಯುತ್ತಿದ್ದವರು ನಳ ನಿಲ್ಲಿಸಿದರು.

“ನಾ ಹಾಕಿಲ್ಲ. ಕೂಸು ಅಳೂದಕ್ಕೇನಂತ ನೀನೇ ಕೇಳ್ದಿ. ಹೂಂ ಅಂದೆ.”

“ಯಾಕ ಹೂಂ ಅಂದ್ರಿ?”

“ಹಾಲು ಕುಡಸೂ ತಾಯಿ. ನಿನಗ್ಯಾಕ ಅದು ಅನಿಸ್ತು. ನಾ ಹಾಸ್ಟೆಲ್‌ನ್ಯಾಗಿದ್ದಾಗಿಂದ ಇದೆಲ್ಲಾ ಕೇಳ್ಕೋತ ಬಂದೀನಿ.” ಟವೆಲ್ ಹುಡುಕಿ ಸಿಗದೆ ಅಂಗಿಗೇ ಕೈ ಒರೆಸಿಕೊಂಡರು. “ನೀ ರಟ್ಟು ಕತ್ತರಿಸಿ ಕೊಡ್ಲತಿದ್ದಿ ನೋಡು, ಅವಾಗ ನನಗೂ ಹಂಗೇ ಅನಿಸ್ಲತ್ತು. ಅಕಿ ಮಲಗಿದ್ರ ಅವರೂ ಮಾತು ಬಿಡ್ತಾರೇನೋ ಅಂತ.”

ನಾನು ಅವರನ್ನು ಬೈದೆ. ಬಚ್ಚಲಮನೆಯ ಆ ನಸುಕು, ಅವಳ ಕೆಂಪಾದ ಮುಖ, ಎಲ್ಲವನ್ನೂ ಹೇಳಿ ಬೈದೆ. ಅವರು ನಿಂತು ಕೇಳಿಸಿಕೊಂಡರು. ಕೊನೆಗೆ ಕೂಸು ಎದ್ದು ಅತ್ತಿತು. ಇಬ್ಬರೂ ಕೆಲ ಹೊತ್ತು ಎತ್ತಿಕೊಳ್ಳಲಿಲ್ಲ.

ಸೂಟಿ ಬರುವುದನ್ನು ಕಾಯದೆ ಮನೆ ಹುಡುಕಿದೆವು. ಭಾಲ್ಕಿಯಲ್ಲಿ ಬೇಡವೆಂದು ಬೀದರಿಗೆ ಹೋದೆವು. ಗಂಡ ಈಗ ಮಾಲೀಕರು ಬೀಗ ತೆಗೆಯುವ ಮೊದಲೇ ಹೇಳಿಬಿಡುತ್ತಿದ್ದರು: “ನಾವು ಬೌದ್ಧರಿದ್ದೇವ್ರಿ. ಒಂದು ಕೂಸದ, ನಸಿಕಿನ್ಯಾಗ ಎದ್ದು ಅಳ್ತದ.” ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಕೇಳಿದವರು ಉತ್ತರ ಕೊಡುವಾಗ ಕೂಸಿನ ಮಾತನ್ನೇ ಎತ್ತಿಕೊಳ್ಳುತ್ತಿದ್ದರು. “ಸಣ್ಣ ಕೂಸಿಗಿ ಇಲ್ಲಿ ಗದ್ದಲ ಆಗ್ತದ್ರಿ,” “ಮೆಟ್ಟಲು ಭಾಳ ಅವ್ರಿ, ಕೂಸಿಗಿ ಸರಿ ಹೋಗಂಗಿಲ್ಲ.” ಒಬ್ಬರೂ ಇನ್ನೊಂದು ಮಾತನ್ನು ಬಾಯಿ ಬಿಟ್ಟು ಆಡಲಿಲ್ಲ. ಕಡೆಗೆ ಊರಂಚಿನ ನೌಬಾದದಲ್ಲಿ ಒಬ್ಬ ಮುಸ್ಲಿಂ ಅಜ್ಜಿಯ ಮನೆ ಸಿಕ್ಕಿತು. ಗಂಡ ಎರಡೂ ಮಾತನ್ನು ಹೇಳಿ ಮುಗಿಸಿದಾಗ ಅವರು ತಮ್ಮ ದಖನಿ ಉರ್ದುವಿನಲ್ಲಿ, “ಬಚ್ಚೇ ತೋ ರೋತೇಚ್ ಹೈಂ, ಬೇಟಾ,” ಎಂದು ಬೀಗದ ಕೈ ಕೊಟ್ಟರು. ಮಕ್ಕಳು ಅಂದ ಮೇಲೆ ಅಳುವವೇ ಎಂದು.

ಹೊಸ ಮನೆಯಲ್ಲಿ ಮಗಳ ನಿದ್ದೆ ಮತ್ತೆ ಕೆಟ್ಟಿತು. ನಾಲ್ಕಕ್ಕೆ ಎದ್ದು ಕೂಗುತ್ತಿದ್ದಳು. ಡಾಕ್ಟರು ಹೇಳಿದ್ದೆಲ್ಲ ನನಗೆ ಗೊತ್ತಿತ್ತು, ಆದರೆ ಮತ್ತೆ ರಟ್ಟು ಹಚ್ಚುವ ಮನಸ್ಸಾಗಲಿಲ್ಲ. ಅವಳಿಗೆ ಒಂದು ವರ್ಷ ದಾಟಿದ ಮೇಲೆ ಯಾವಾಗಲೋ ತಾನೇ ಮಲಗಲು ಕಲಿತಳು. ಗಂಡ ದಿನವೂ ಬೀದರಿನಿಂದ ಭಾಲ್ಕಿಗೆ ಹೋಗಿ ಬರುತ್ತಿದ್ದರು. ಅವರು ಏನಾದರೂ ಕೇಳಿದ್ದಕ್ಕೆ ಹೂಂ ಎಂದರೆ ನಾನು ಇನ್ನೊಮ್ಮೆ ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ.

ಮಗಳು ಈಗ ಎರಡನೇ ಇಯತ್ತೆ. ಭಾಲ್ಕಿ ಬಿಟ್ಟು ಇಲ್ಲಿಗೆ ಯಾಕೆ ಬಂದೆವೆಂದು ಒಮ್ಮೆ ಕೇಳಿದಾಗ ಅವಳಪ್ಪ ನಗಿಸಲೆಂದು, “ನೀ ಭಾಳ ಅಳ್ತಿದ್ದಿ, ಮಾಲಕರು ಮನಿ ಬಿಡಿಸಿದ್ರು,” ಎಂದುಬಿಟ್ಟರು. ಅವಳಿಗೆ ಅದು ಭಾರಿ ಖುಷಿಯ ಕಥೆಯಾಯಿತು. ಶಾಲೆಯಲ್ಲಿ ಗೆಳತಿಯರಿಗೆ ಹೇಳುತ್ತಾಳೆ, ಮನೆಗೆ ಬಂದವರಿಗೆ ಹೇಳುತ್ತಾಳೆ, ತಾನು ಅಳುತ್ತಿದ್ದ ಬಗೆಯನ್ನು ಬಾಯಿ ಅಗಲಿಸಿ ಮಾಡಿ ತೋರಿಸುತ್ತಾಳೆ. ಎಲ್ಲರೂ ನಗುತ್ತಾರೆ. ಹೋದ ವಾರ ಔರಾದದಿಂದ ಅವ್ವ ಬಂದಾಗಲೂ ಹೇಳಿದಳು. ಅವ್ವ ನಗಲಿಲ್ಲ. ನನ್ನ ಕಡೆ ನೋಡಿ, “ಇಕಿಗಿ ಯಾವಾಗ ಹೇಳ್ತೀರಿ?” ಎಂದು ಕೇಳಿದಳು. ನಾನು ನನ್ನ ಗಂಡನನ್ನು ನೋಡಿದೆ. ಅವರು ಮಗಳಿಗೆ ಬೂಟಿನ ಲೇಸು ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ.